ಕುಲಾವಿ ತೊಟ್ಟ ಕಲ್ಲು

ಬೆಳಗಿನಿಂದ ಶಾಂಭವಿ ಅದನ್ನು ಎಲ್ಲೆಲ್ಲೋ ಇಟ್ಟು ನೋಡಿದಳು. ಮೊದಲು ಊಟದ ಮೇಜಿನ ಮೇಲೆ, ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ, ಕೊನೆಗೆ ಗಂಡ ಭರತನ ಅಂಗಿಗಳ ಕಪಾಟಿನಲ್ಲಿ. ಎಲ್ಲಿಟ್ಟರೂ ಅದು ತನ್ನ ಕಡೆಗೇ ತಿರುಗಿ ಮಲಗಿದ ಹಾಗೆ ಕಾಣುತ್ತಿತ್ತು. ಗೇಣುದ್ದದ ಕರಿ ಗುಂಡುಕಲ್ಲು. ಒಳಕಲ್ಲಿನಲ್ಲಿ ತಿರುಗಿ ತಿರುಗಿ ಮೈಯೆಲ್ಲ ನಯವಾದದ್ದು. ಅದರ ತಲೆಗೆ ಕೂಸಿನ ಕುಲಾವಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ ಕೆಂಪು ಟೊಪ್ಪಿಗೆ. ನಡುವಿಗೆ ಅರಿಶಿನ, ಮೇಲೊಂದು ಕುಂಕುಮದ ಬೊಟ್ಟು. ಒಂದು ಬದಿಗೆ ಉಗುರಿನಷ್ಟು ಚಕ್ಕೆ ಎದ್ದು ಒಳಗಿನ ಬೂದುಬಣ್ಣ ಕಾಣುತ್ತಿತ್ತು. ಪಕ್ಕದಲ್ಲಿ ಕರಿ ಜಿಡ್ಡು. ಹಿಂದಿನ ಸಂಜೆ ಭರತನ ಚೀಲವನ್ನು ತಲುಪಿಸಲು ಬಂದಿದ್ದ ವಿಮಾನ ಕಂಪನಿಯ ಅಂಬಾದಾಸ, ಬೀದರ ಕಡೆಯವನು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತು, ಅಪಘಾತದ ತನಿಖೆಯವರು ಚೀಲ ನೋಡಿ ಆಯಿತೆಂದು ಹೇಳಿದ್ದ. ಫೋನಿನ ಚಾರ್ಜರ್, ಕನ್ನಡಕ, ಒಂದು ಜೊತೆ ಬಟ್ಟೆ ಎಲ್ಲ ಇವೆ ಎಂದವನು ದನಿ ತಗ್ಗಿಸಿದ. "ತಳದಾಗ ದೇವರ ಸಾಮಾನು ಐತ್ರಿ ಮ್ಯಾಡಮ್. ಅರಿಶಿನ ಕುಂಕುಮ ಕಂಡ ಮ್ಯಾಲ ಯಾರೂ ಬಿಚ್ಚಲಿಲ್ಲ. ನಾನೇ ಬ್ಯಾಡ ಅಂದೆ." ತಾನು ಮಾಡಿದ್ದು ಪುಣ್ಯದ ಕೆಲಸವೆಂಬ ಸಮಾಧಾನ ಅವನ ಮುಖದಲ್ಲಿತ್ತು. ಅವಳು ಆಗಲಿ ಎಂದು ಬಾಗಿಲು ಹಾಕಿಕೊಂಡಿದ್ದಳು.

ದೇವರಲ್ಲವೆಂದು ಅವಳಿಗೆ ನೋಡಿದ ಕೂಡಲೆ ಗೊತ್ತಾಗಿತ್ತು. ಅವಳ ಕಡೆಯ ಯಾವ ಹೆಂಗಸಿಗೂ ಗೊತ್ತಾಗುತ್ತಿತ್ತು. ಕೂಸಿಗೆ ಹೆಸರಿಡುವ ದಿನ ಮೊದಲು ತೊಟ್ಟಿಲಿಗೆ ಹೋಗುವುದು ಗುಂಡಪ್ಪ. ಕಲ್ಲಿಗೆ ಎರೆದು, ಕುಲಾವಿ ತೊಡಿಸಿ, ತೊಟ್ಟಿಲಿನ ಮೇಲಿಂದ ಒಬ್ಬಳು ಕೊಟ್ಟರೆ ಕೆಳಗಿನಿಂದ ಇನ್ನೊಬ್ಬಳು ಈಸಿಕೊಳ್ಳಬೇಕು. ಗುಂಡಪ್ಪನ್ನ ತಗೋ, ಕೂಸಿನ ಕೊಡು. ಕಲ್ಲಿನಷ್ಟು ಗಟ್ಟಿಯಾಗಿ ಬಾಳಲಿ ಅಂತ. ಮದುವೆಯಾದ ಹೊಸದರಲ್ಲಿ ಇಂಥ ಕಾರ್ಯಗಳಿಗೆ ಅವಳನ್ನು ತೊಟ್ಟಿಲಿನ ಹತ್ತಿರವೇ ನಿಲ್ಲಿಸಿಕೊಳ್ಳುತ್ತಿದ್ದರು, ಬೇಗ ಮಕ್ಕಳಾಗಲಿ ಎಂದು. ವರ್ಷಗಳು ಕಳೆದ ಹಾಗೆ ಎರಡನೆಯ ಸಾಲು, ಆಮೇಲೆ ಅಡುಗೆಮನೆ. ಆಮೇಲಾಮೇಲೆ ಸುದ್ದಿಯೇ ಬರುತ್ತಿರಲಿಲ್ಲ. ಬರುತ್ತಿತ್ತು, ಭರತ ಮುಚ್ಚಿಡುತ್ತಿದ್ದ. ಯಾರದೋ ಮನೆಯ ಪೇಡೆಯ ಡಬ್ಬಿ ತಂದು ಫ್ರಿಜ್ಜಿನಲ್ಲಿಟ್ಟು, ಕಂಪನಿಯಲ್ಲಿ ಕೊಟ್ಟರು ಎನ್ನುತ್ತಿದ್ದ. ಅವಳನ್ನು ನೋಯಿಸಬಾರದೆಂದು ಹಾಗೆ ಮಾಡುತ್ತಾನೆಂದು ಅವಳು ನಂಬಿದ್ದಳು. ಮುಚ್ಚಿಡಲು ಬರುವವನಿಗೆ ಎಲ್ಲವನ್ನೂ ಮುಚ್ಚಿಡಲು ಬರುತ್ತದೆಂದು ಆಗ ಹೊಳೆದಿರಲಿಲ್ಲ. ಸರಕು ತುಂಬಿಕೊಂಡು ಭರತ ಕಲಬುರಗಿಗೆ ಹಾರಿಸುತ್ತಿದ್ದ ವಿಮಾನ ರಾತ್ರಿ ಅಲ್ಲೇ ತಂಗಿ ಬೆಳಗಾಗ ಹೈದರಾಬಾದಿಗೆ ಮರಳುತ್ತಿತ್ತು. ವಾರದಲ್ಲಿ ಅಂಥ ಎಷ್ಟು ರಾತ್ರಿಗಳು. ಕಂಪನಿಯ ರೂಮು, ಜೊತೆಗೆ ಸಹ ಪೈಲಟ್ ವೈಭವ, ಊಟಕ್ಕೆ ಖಾನಾವಳಿಯ ರೊಟ್ಟಿ. ಇಷ್ಟೇ ಅವಳಿಗೆ ಗೊತ್ತಿದ್ದದ್ದು. ಉಳಿದದ್ದನ್ನು ಅವಳು ಕೇಳಿರಲಿಲ್ಲ. ಈಗ ರಾತ್ರಿಯೆಲ್ಲ ಒಬ್ಬ ಹೆಂಗಸಿನ ಬೆನ್ನು ಕಾಣುತ್ತಿತ್ತು, ಮುಖವಿಲ್ಲದ ಬೆನ್ನು, ತೊಟ್ಟಿಲಿನ ಮೇಲೆ ಬಾಗಿದ್ದು.

ಸತ್ತವನ ಮೇಲೆ ಸಂಶಯಪಡುವುದಕ್ಕೆ ಊರೇ ಅವಳಿಗೆ ದಾರಿ ಮಾಡಿಕೊಟ್ಟಿತ್ತು. ಕಲಬುರಗಿಯಿಂದ ಮರಳಿದ ವಿಮಾನ ಹೈದರಾಬಾದಿನಲ್ಲಿ ಸರಿಯಾಗಿಯೇ ಇಳಿದಿತ್ತು. ಚಕ್ರ ನೆಲ ಮುಟ್ಟಿದ ಮೇಲೆ ಬಲಕ್ಕೆ ಎಳೆಯುತ್ತ ಹೋಗಿ, ರನ್‌ವೇ ಬಿಟ್ಟು ಹುಲ್ಲಿಗಿಳಿದು, ಅರ್ಧ ಸುತ್ತು ತಿರುಗಿ ಎಡಬದಿಯಿಂದ ಮೋರಿಯ ಕಟ್ಟೆಗೆ ಬಡಿಯಿತು. ಎಡಬದಿಯ ಸೀಟು ಭರತನದು. ಬಲಬದಿಯ ವೈಭವನಿಗೆ ಹೆಗಲ ಮೂಳೆ ಮುರಿಯಿತು. ಮರಳಿ ತರುತ್ತಿದ್ದ ಔಷಧದ ಡಬ್ಬಗಳಿಗೆ ಏನೂ ಆಗಲಿಲ್ಲ. ಟಿವಿಯವರು ಸಂಜೆಯೊಳಗೆ ಪೈಲಟ್‌ನ ತಪ್ಪು ಎಂದಿದ್ದರು. ತನಿಖೆಯ ಅಧಿಕಾರಿ ಹಾಗೆನ್ನಲಿಲ್ಲ, ಮೆಲ್ಲಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ವಿಮಾನವನ್ನು ಎಡಕ್ಕೆ ತಿರುಗಿಸುವ ಎಡಗಾಲಿನ ಪೆಡಲ್ ಒತ್ತಿದ ಹಾಗೆ ಕಾಣುತ್ತಿಲ್ಲ. ನಿಮ್ಮ ಯಜಮಾನರಿಗೆ ಮೊಣಕಾಲು ನೋವಿತ್ತೇ? ನಿದ್ದೆ ಹೇಗಿತ್ತು? ಗುಳಿಗೆ ಏನಾದರೂ? ಮನೆಯಲ್ಲಿ ಮನಸ್ತಾಪ? ಕಾಕ್‌ಪಿಟ್ಟಿನಲ್ಲಿ ಬಿಡಿ ಸಾಮಾನು ಇಟ್ಟುಕೊಳ್ಳುವ ಅಭ್ಯಾಸ? ಕೊನೆಯದಕ್ಕೆ ಮಾತ್ರ ಅವಳು ತಡವರಿಸದೆ ಇಲ್ಲ ಎಂದಿದ್ದಳು. ಒಲೆಯ ಮೇಲಿನ ಬಾಣಲೆಯ ಹಿಡಿಯನ್ನು ದಾರಿಗೆ ಅಡ್ಡ ಬಾರದ ಹಾಗೆ ಗೋಡೆಯ ಕಡೆಗೆ ತಿರುಗಿಸುತ್ತಿದ್ದವನು ಅವನು. ಸ್ಕೂಟರಿನಲ್ಲಿ ಹೊರಟರೆ ಅವಳ ಸೆರಗನ್ನು ತಾನೇ ಸಿಕ್ಕಿಸುತ್ತಿದ್ದ. ಆಮೇಲೆ ಅವಳಿಗೆ ಮನಸ್ತಾಪದ ಪ್ರಶ್ನೆ ಮತ್ತೆ ಮತ್ತೆ ನೆನಪಾಗಿತ್ತು. ಕೊನೆಯ ಹೇಳಿಕೆಗೆ ಇವತ್ತು ಮಧ್ಯಾಹ್ನ ಬೇಗಂಪೇಟೆಯ ತನಿಖಾ ಕಚೇರಿಗೆ ಬರಬೇಕೆಂದು ಹೇಳಿದ್ದರು. ಅಲ್ಲಿಗೆ ಹೋಗುವ ಮೊದಲು ವೈಭವನನ್ನು ಕೇಳಬೇಕು. ಅವನ ಹೆಂಡತಿ ಮಧುರಾಳಿಗೆ ತವರಿನಲ್ಲಿ ಹೆರಿಗೆಯಾಗಿ ಹೆಣ್ಣು ಕೂಸು ಬಂದಿದೆಯೆಂದು ಬೇಸಿಗೆಯಲ್ಲಿ ಪೇಡೆ ಬಂದಿತ್ತು. ಹೆಸರಿಡುವುದೂ ಅಲ್ಲೇ ಆಯಿತೆಂದು ಭರತ ಹೇಳಿದ ನೆನಪು. ಹಾಗಿದ್ದರೆ ಈ ಗುಂಡಪ್ಪ ಯಾವ ತೊಟ್ಟಿಲಿನದು?

ಕೆಳಗಿನ ಮಹಡಿಯ ಕೋಚಿಂಗ್ ಸೆಂಟರಿನ ಹುಡುಗಿಯರು ಮೆಟ್ಟಿಲ ಮೇಲೆ ಕೂತಿದ್ದವರು ಅವಳನ್ನು ಕಂಡು ಮಾತು ನಿಲ್ಲಿಸಿ ದಾರಿ ಬಿಟ್ಟರು. ದಾರಿ ಬಿಡುವುದರಲ್ಲೂ ಒಂದು ಅತಿ ಇತ್ತು. ನಾರಾಯಣಗೂಡದ ಮೆಟ್ರೋ ನಿಲ್ದಾಣದಲ್ಲಿ ಕಲ್ಲಿದ್ದ ಚೀಲವನ್ನು ತಪಾಸಣೆಯ ಯಂತ್ರದ ಬಾಯಿಗೆ ಕೊಟ್ಟಾಗ ಮಾತ್ರ ಅವಳಿಗೆ ಎಚ್ಚರವಾಯಿತು. ಪರದೆಯ ಮುಂದಿನವನು ಪಟ್ಟಿ ನಿಲ್ಲಿಸಿದ. ಖಾಕಿ ಸೀರೆಯ ಹೆಂಗಸು, "ಏಮುಂದಮ್ಮಾ ಇಂದುಲೋ?" ಎಂದು, ಒಳಗೇನಿದೆಯೆಂದು ಕೇಳುತ್ತ, ಚೀಲದ ಜಿಪ್ ಎಳೆದಳು. ಹಿಂದಿನ ಸಾಲಿನವರು ಇಣುಕಿದರು. ಸಿಕ್ಕಿಬಿದ್ದೆ ಎಂದು ಶಾಂಭವಿಗೆ ಅನ್ನಿಸಿತು. ಏನು ಕದ್ದು ಸಿಕ್ಕಿಬಿದ್ದಳೆಂದು ಗೊತ್ತಾಗಲಿಲ್ಲ. ಹೆಂಗಸು ಅರಿಶಿನ ಕಂಡದ್ದೇ ಕೈ ಹಿಂದೆ ತೆಗೆದಳು. "ದೇವುಡಾ?" ಶಾಂಭವಿ ತಲೆಯಾಡಿಸಿದಳು. ಹೆಂಗಸು ಬೆರಳನ್ನು ಕಣ್ಣಿಗೊತ್ತಿಕೊಂಡು ತಾನೇ ಜಿಪ್ ಎಳೆದು, ಎರಡೂ ಕೈಯಲ್ಲಿ ಚೀಲವನ್ನೆತ್ತಿ ಕೊಟ್ಟಳು. ಸುಳ್ಳು ಎಷ್ಟು ಸಲೀಸು. ಬಾಯಿ ಬಿಡುವುದೂ ಬೇಕಾಗಲಿಲ್ಲ.

ಪರೇಡ್ ಗ್ರೌಂಡಿನಲ್ಲಿ ಗಾಡಿ ಬದಲಿಸಿ ಮಾದಾಪುರದ ಕಡೆಗೆ ಹೊರಟಾಗ ಅವಳಿಗೆ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಭಾರವಿತ್ತು. ಎದುರಿಗೆ ಕುತ್ತಿಗೆಯಲ್ಲಿ ಕಂಪನಿಯ ಪಟ್ಟಿ ಹಾಕಿಕೊಂಡ ಹುಡುಗರು ನಿಂತೇ ನಿದ್ದೆ ಮಾಡುತ್ತಿದ್ದರು. ಬೇಗಂಪೇಟೆ ಬಂದು ಹೋಯಿತು. ಹಳೆಯ ವಿಮಾನ ನಿಲ್ದಾಣದ ಮರಗಳು ಹಿಂದೆ ಸರಿದವು. ಭರತ ಒಮ್ಮೆ ಅದೇ ಮರಗಳನ್ನು ತೋರಿಸಿ, ಮೇಲಿನಿಂದ ನೋಡಿದರೆ ಇವು ಕೊತ್ತಂಬರಿ ಸಿವುಡಿನ ಹಾಗೆ ಕಾಣುತ್ತವೆ ಎಂದಿದ್ದ. ಎಂದಿದ್ದನೇ? ಅವನು ಹೇಳಿದ್ದೆಂದು ಅವಳಿಗೆ ನೆನಪಿರುವುದೆಲ್ಲ ಈಚೆಗೆ ಸಂಶಯಕ್ಕೆ ಬಿದ್ದಿತ್ತು. ಕೊನೆಯ ಸಲ ಕಲಬುರಗಿಗೆ ಹೋಗುವಾಗ ಅವನು ಬಾಗಿಲಲ್ಲಿ ತಿರುಗಿ ನಿಂತು ಏನೋ ಹೇಳಲು ಬಾಯಿ ತೆರೆದು, ಗ್ಯಾಸ್ ಬಂದ್ ಮಾಡು ಎಂದು ಹೋಗಿದ್ದ. ಹೇಳಬೇಕೆಂದಿದ್ದು ಬೇರೆ ಇತ್ತು. ಆ ಬೇರೆಯದು ಇದೇ ಇರಬಹುದು, ತೊಡೆಯ ಮೇಲಿನದು. ಅಥವಾ ಗ್ಯಾಸೇ ಇರಬಹುದು. ಪಕ್ಕದ ಮುದುಕಿ ಜಿಪ್ ಪೂರ್ತಿ ಮುಚ್ಚದ ಚೀಲದ ಬಾಯಿಂದ ಇಣುಕುತ್ತಿದ್ದ ಕೆಂಪು ಕುಲಾವಿಯನ್ನು ಕಂಡು, ಕೂಸಿನ ಸಾಮಾನೆಂದುಕೊಂಡು, ಹಿಂದಿಯಲ್ಲಿ ಎಷ್ಟು ತಿಂಗಳು ಎಂದು ಕೇಳಿದಳು. ಶಾಂಭವಿ ಕಿಟಕಿಗೆ ತಿರುಗಿದಳು.

ವೈಭವನ ಮನೆಯ ಬಾಗಿಲು ತೆರೆದದ್ದು ಅವನ ತಾಯಿ ಅಂಬವ್ವ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಶಾಂಭವಿ ತಾನು ಭರತ ಅವರ ಮನೆಯವಳೆಂದಳು. ಮುದುಕಿ ಒಂದು ಗಳಿಗೆ ಅವಳ ಹಣೆ, ಕೊರಳು ನೋಡಿ, ಆಮೇಲೆ ಕೈಹಿಡಿದು ಒಳಗೆ ಕರೆದಳು. "ಬಾರವಾ. ಹೊಸ್ತಿಲದಾಗ ನಿಂದರಬ್ಯಾಡ." ಒಳಗೆ ಅಡಿಯಿಟ್ಟವಳೇ ಶಾಂಭವಿ ನಿಂತಳು. ನಡುಮನೆಯ ಮಧ್ಯೆ ತೊಟ್ಟಿಲು. ನಾಲ್ಕೂ ಮೂಲೆಗೆ ಸೇವಂತಿಗೆಯ ಸರ, ಹಿಡಿಗಳಿಗೆ ಹಸಿರು ಬಳೆ ಕಟ್ಟಿತ್ತು. ಒಳಗಿನ ಕೋಣೆಯಿಂದ ಮಧುರಾ ಕೂಸನ್ನೆತ್ತಿಕೊಂಡು ಬಂದವಳು ಅವಳನ್ನು ಕಂಡು, ಕೂಸನ್ನು ಸೆರಗಿನಲ್ಲಿ ಮುಚ್ಚಿದಳು. ಮುಚ್ಚಿದ್ದು ತನಗೇ ಗೊತ್ತಾಗಿ ಮತ್ತೆ ತೆರೆದಳು. "ಬರ್ರಿ ವೈನಿ. ನಾಳೆ ಹೆಸರಿಡೂದು. ನಿಮಗ ಹೇಳಬೇಕಂತ..." ಅಲ್ಲಿಗೇ ನಿಲ್ಲಿಸಿದಳು. ಹೇಳುವ ಹಾಗಿಲ್ಲವೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಂಬವ್ವನೇ ಅದನ್ನು ಎತ್ತಿಕೊಂಡಳು. "ನಾಚಿಗಿ ಮಾಡ್ಕೋಬ್ಯಾಡವಾ. ನಾನೂ ನಿನ್ನಂಗನ. ನಾಳೆ ನಾವಿಬ್ರೂ ತೊಟ್ಟಿಲ ಮುಟ್ಟಾಂಗಿಲ್ಲ. ಹೊರಗ ಕುಂತು ಅಡಕಿ ಕತ್ತರಿಸೋರು."

ತವರಿನಲ್ಲಿ ಬರೀ ಹೆರಿಗೆಯಾಗಿತ್ತು. ಹೆಸರನ್ನು ತಮ್ಮ ಮನೆಯಲ್ಲೇ ಇಡಬೇಕೆಂದು ಅಂಬವ್ವ ಹಟ ಹಿಡಿದಿದ್ದಳು. ತಮ್ಮ ಮನೆಯೆಂದರೆ ಈಗ ಈ ಮಾದಾಪುರದ ಫ್ಲ್ಯಾಟು. ಅದಕ್ಕಾಗಿಯೇ ಕಲಬುರಗಿಯಿಂದ ರೈಲಿನಲ್ಲಿ ಬಂದದ್ದು. ಅವಳು ಚಹಾ ಕೊಡುತ್ತ ಹೇಳುತ್ತ ಹೋದಳು, ದುಃಖದ ಮನೆಯಿಂದ ಬಂದವಳ ಮುಂದೆ ಸುಮ್ಮನಿರಲಾರದವಳ ಹಾಗೆ. "ನೋಡವಾ, ತಲಿಮಾರಿನಿಂದ ಬಂದ ಗುಂಡಪ್ಪ. ನನ್ನ ಗಂಡ, ಈ ವೈಭವ, ಎಲ್ಲಾರಕಿಂತ ಮೊದಲ ತೊಟ್ಟಿಲ ಹತ್ತಿದಾಂವ. ಕುಲಾವಿ ಹೊಲದು ಮಗನ ಕೈಯಾಗ ಕೊಟ್ಟೆ, ನೀ ಹಾರ್ಕೊಂತ ಒಯ್ಯಿ ಅಂತ. ಇಂವ ಕಲಬುರಗಿ ರೂಮಿನ್ಯಾಗ ಮರತು ಬಂದಾನಂತ. ಈ ಮನಿಯಾಗ ಹುಡುಕಿದ್ರ ಒಂದು ಕಲ್ಲಿಲ್ಲ. ಮಿಕ್ಸರ್ ಜಾರಿಗೇ ಕುಲಾವಿ ಹಾಕೂಣೇನು ಅಂತ ಸೊಸಿಗೆ ಅಂದೆ."

ಶಾಂಭವಿಗೆ ಮೊದಲು ಆದದ್ದು ಸಂತೋಷ. ಎಷ್ಟೋ ದಿನಗಳಿಂದ ಮರಗಟ್ಟಿದ್ದ ಮೈಯಲ್ಲಿ ನೆತ್ತರು ಹರಿದ ಹಾಗೆ. ಆ ಬೆನ್ನು, ಬಾಗಿದ ಆ ಹೆಂಗಸು, ಇಲ್ಲ. ಇರಲೇ ಇಲ್ಲ. ಭರತ ಬಾಗಿಲಲ್ಲಿ ತಿರುಗಿ ನಿಂತದ್ದು ಗ್ಯಾಸಿಗಾಗಿ. ರಾತ್ರಿಯೆಲ್ಲ ತಾನು ಅವನನ್ನು ಎಲ್ಲೆಲ್ಲಿ ಎಳೆದಾಡಿದೆನೆಂದು ನೆನೆದು ಅವಳಿಗೆ ಅವನ ಕಾಲು ಹಿಡಿಯಬೇಕೆನ್ನಿಸಿತು. ಆತುರದಲ್ಲಿ ಜಿಪ್ ಎಳೆದು ಕಲ್ಲನ್ನು ತೆಗೆದು ಮುದುಕಿಯ ಮಡಿಲಿಗಿಟ್ಟಳು. ಇಟ್ಟ ಮೇಲೆ, ಕೈ ಇನ್ನೂ ಕಲ್ಲಿನ ಮೇಲಿದ್ದಾಗಲೇ, ರೂಮಿನಲ್ಲಿ ಮರೆತದ್ದು ಭರತನ ಚೀಲದಲ್ಲಿ ಹೇಗೆ ಬಂತು ಎಂಬುದು ಹೊಳೆಯಿತು.

ಅಂಬವ್ವ ಕಲ್ಲನ್ನು ಎದೆಗೊತ್ತಿಕೊಂಡಳು. ಕೂಸಿನ ಬೆನ್ನು ಸವರುವ ಹಾಗೆ ಅಂಗೈ ಆಡಿಸುತ್ತಿದ್ದವಳು ಒಂದು ಕಡೆ ನಿಲ್ಲಿಸಿದಳು. ಹೆಬ್ಬೆರಳು ಚಕ್ಕೆ ಎದ್ದ ಜಾಗವನ್ನು ಮುಟ್ಟಿ ಮುಟ್ಟಿ ನೋಡಿತು. "ಇದು ಇದ್ದಿದ್ದಿಲ್ಲಲ್ಲ." ಕುಲಾವಿಯ ಅಂಚನ್ನು ಎತ್ತಿದಳು. ಹೊಲಿಗೆಯ ಒಳಮೈ ಹೊರಗಿತ್ತು. ಜರಿ ಒಳಕ್ಕೆ ಮಡಚಿಕೊಂಡಿತ್ತು. "ಕುಲಾವಿ ತಿರುವಾಮುರುವಾಗೇತಿ. ನಾ ಹಾಕಿದ್ದಲ್ಲ ಇದು. ಯಾರೋ ಬಿಚ್ಚಿ, ಮತ್ತ ತೊಡಿಸ್ಯಾರ."

ರಾತ್ರಿಯಿಡೀ ನೋಡಿದ್ದರೂ ಶಾಂಭವಿ ಇದನ್ನು ನೋಡಿರಲಿಲ್ಲ. ಮುದುಕಿ ಕುಲಾವಿಯನ್ನು ಜಗ್ಗಿ ತೋರಿಸಿದಳು. ಚಕ್ಕೆ ಕುಲಾವಿಯ ಅಂಚಿನ ಕೆಳಗೂ ಸರಿದಿತ್ತು, ಆದರೆ ಅಲ್ಲಿ ಬಟ್ಟೆಗೆ ಗೀರೂ ಇಲ್ಲ, ಜಿಡ್ಡೂ ಇಲ್ಲ. ಪೆಟ್ಟು ಬಿದ್ದಾಗ ಕಲ್ಲು ಬರಿಮೈಯಲ್ಲಿತ್ತು. ಆಮೇಲೆ ಯಾರೋ, ಅವಸರದಲ್ಲಿ, ಕುಲಾವಿ ತೊಡಿಸಿದ್ದಾರೆ. ವಿಮಾನದ ಬಾಗಿಲು ಕತ್ತರಿಸಿ ಬಂದವರಿಗೆ ಅದು ಬರೀ ಕಲ್ಲು, ಬದಿಗೆಸೆಯುತ್ತಿದ್ದರು. ಕಂಪನಿಯವರಿಗೆ ದೇವರು, ಮುಟ್ಟುತ್ತಿರಲಿಲ್ಲ. ಬರಿದಲೆಯಲ್ಲಿ ಬಿಡಬಾರದೆಂದು ತಿಳಿದವನು, ಅಂಥ ಹೊತ್ತಿನಲ್ಲೂ ತಿಳಿದವನು, ಗುಂಡಪ್ಪನ ಮನೆಯವನೇ. ಅವಳು ತಲೆಯೆತ್ತಿದಾಗ ವೈಭವ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಬಲಗೈ ಕೊರಳಿಗೆ ಕಟ್ಟಿದ ಜೋಲಿಯಲ್ಲಿತ್ತು. ಅವನು ಅವಳನ್ನು ನೋಡದೆ ತಾಯಿಯ ಮಡಿಲನ್ನು ನೋಡುತ್ತಿದ್ದ.

ಅಂಬವ್ವನಿಗೆ ಇದ್ಯಾವುದೂ ಇನ್ನೂ ತಟ್ಟಿರಲಿಲ್ಲ. ಇರಲಿ, ಸಿಕ್ಕನಲ್ಲ ಎಂದು, ಸೊಸೆಗೆ ಬಿಸಿನೀರು ತರಲು ಹೇಳಿದಳು. ಜಿಡ್ಡು ಹೋಗುವ ಹಾಗೆ ಎರೆದು ಒರೆಸಿಟ್ಟರೆ ನಾಳೆಗೆ ಆಯಿತು. ಮಧುರಾ ಗಂಡನ ಮುಖ ನೋಡಿ ಕದಲಲಿಲ್ಲ. ಅವಳಿಗೂ ಗೊತ್ತಿದೆ ಎಂದು ಶಾಂಭವಿಗೆ ಆಗ ತಿಳಿಯಿತು. ಮುದುಕಿ ತಾನೇ ಎದ್ದು ಅಡುಗೆಮನೆಯ ನಲ್ಲಿಯ ಕಡೆಗೆ ನಡೆದಳು.

"ನೀರು ಹಾಕಬ್ಯಾಡ್ರಿ," ಎಂದಳು ಶಾಂಭವಿ.

ಆ ಜಿಡ್ಡು ತೊಳೆದುಹೋಗಬಾರದಿತ್ತು. ಅಂಬವ್ವ ನಿಂತಳು. ಕೂಸು ಅಳಲಿಲ್ಲ, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿತು.

"ವೈನಿ," ಎಂದ ವೈಭವ. ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ಕಾಣಲು ಅವನು ಬಂದಿರಲಿಲ್ಲ. ನೋವು ಭಾಳ ಅಂತೆ ಎಂದು ಅಂಬಾದಾಸ ಹೇಳಿದ್ದ. ಈಗ ಮಾತು ಮೊದಲೇ ಹೊಂದಿಸಿಟ್ಟದ್ದರ ಹಾಗೆ ಬಂತು. "ನಾ ಮುಚ್ಚಿಡಬೇಕಂತ ಅಲ್ಲರಿ. ವಿಮಾನ ಹತ್ತೂಮುಂದ ಸರ್ ಕೇಳಿದ್ರು, ಏನೋ ಅದು ಅಂತ. ತೋರಿಸಿದೆ. ತಗೊಂಡು ಮಡಿಲಾಗ ಇಟ್ಕೊಂಡ್ರು. ಕುಲಾವಿ ತಗದು ನೋಡಿದ್ರು. ನಮಗೂ ಒಂದು ಹೊಲದಿಡಂತ ನಿಮ್ಮವ್ವಗ ಹೇಳು ಅಂದ್ರು. ನಗಾಕತ್ತಿದ್ರು."

ಭರತ ಹಾಗೆ ಅನ್ನಬಲ್ಲವನು. ಶಾಂಭವಿಯ ಮುಂದೆ ಎಂದೂ ಅನ್ನದವನು, ಅವಳಿಲ್ಲದಲ್ಲಿ ಅನ್ನಬಲ್ಲವನು. ಆದರೆ ಮಕ್ಕಳ ಮಾತೆತ್ತಿದರೆ ಅವಳು ಮೆತ್ತಗಾಗುತ್ತಾಳೆಂದು ವೈಭವನಿಗೂ ಗೊತ್ತು. ಮೂಳೆ ಮುರಿದುಕೊಂಡು ಮಲಗಿದವನಿಗೆ ಇದನ್ನು ಯೋಚಿಸಲು ಬೇಕಾದಷ್ಟು ಹೊತ್ತಿತ್ತು.

"ಆಮ್ಯಾಗ?"

"ಆಮ್ಯಾಗ ಅವರೇ ಸೀಟಿನ ಹಿಂದ ಇಟ್ರು."

"ಚೀಲದಾಗೋ, ಹಂಗ ಬಿಡಿಯಾಗೋ?"

ಅವನು ಯೋಚಿಸಿದ. ಯೋಚಿಸಿದ್ದು ನೆನಪಿಗಾಗಿಯೋ ಉತ್ತರಕ್ಕಾಗಿಯೋ ಅವಳಿಗೆ ತಿಳಿಯಲಿಲ್ಲ. "ನೆನಪಿಲ್ಲ ವೈನಿ."

"ಕುಲಾವಿ ಯಾವಾಗ ತೊಡಿಸಿದಿ?"

"ಎಲ್ಲಾ ನಿಂತ ಮ್ಯಾಲ. ಸರ್ ಮಾತಾಡ್ತಿದ್ದಿಲ್ಲ. ನಾ ಕರದೆ. ಕೆಳಗ ನೋಡಿದೆ, ಕಾಲ ಬುಡಕ ಬರಿಮೈಲೆ ಬಿದ್ದಿತ್ತು. ಕುಲಾವಿ ಬಾಜುಕ ಬಿದ್ದಿತ್ತು. ಹಂಗ ಬಿಡಾಕ ಆಗಲಿಲ್ಲ. ಎಡಗೈಲೆ ತೊಡಿಸಿ, ಕೈಗೆ ಸಿಕ್ಕ ಚೀಲದಾಗ ಹಾಕಿದೆ."

"ಯಾರ ಕಾಲ ಬುಡಕ?"

ವೈಭವ ತನ್ನ ಎಡಕ್ಕೆ, ಅವತ್ತು ಭರತ ಕೂತಿದ್ದ ಬದಿಗೆ, ನೋಡಿದ. ಕೆಳಗೆ ರಸ್ತೆಯಲ್ಲಿ ಯಾವುದೋ ಕ್ಯಾಬ್ ಹಾರ್ನ್ ಒತ್ತುತ್ತಲೇ ಇತ್ತು. ಮಧುರಾ ಕೂಸನ್ನು ಭುಜ ಬದಲಿಸಿ, ಇದು ಹೊರಗೆ ಬಂದರೆ ಇವರು ಮತ್ತೆ ಹಾರುವುದಿಲ್ಲ ಎಂದು ಯಾರಿಗೆಂದಿಲ್ಲದೆ ಹೇಳಿದಳು. ಸರ್‌ ಹೆಸರಿಗೂ ಒಳ್ಳೆಯದಾಗುವುದಿಲ್ಲ, ಅವರೇ ಇಟ್ಟದ್ದಲ್ಲವೇ. ಅದು ನಿಜ. ಹೇಳಿದರೆ ಭರತ ಕಾಕ್‌ಪಿಟ್ಟಿನಲ್ಲಿ ಬಿಡಿ ಕಲ್ಲು ಇಟ್ಟ ಪೈಲಟ್; ಸುಮ್ಮನಿದ್ದರೆ ಕಾರಣವಿಲ್ಲದೆ ಕಾಲು ಒತ್ತದ ಪೈಲಟ್. ಬಾಣಲೆಯ ಹಿಡಿ ತಿರುಗಿಸುತ್ತಿದ್ದವನು ಬಿಡಿಯಾಗಿ ಇಡುತ್ತಿದ್ದನೇ? ನಗುತ್ತಿದ್ದವನು, ಮಡಿಲು ಬೆಚ್ಚಗಿದ್ದವನು, ಒಂದು ಸಲ ಇಟ್ಟಿರಬಹುದು. ಅವಳು ಆ ಕೊನೆಯ ಗಳಿಗೆಯನ್ನು ಇಷ್ಟು ದಿನ ನೆನೆಯದೆ ಕಾಪಾಡಿಕೊಂಡಿದ್ದಳು. ಈಗ ಅದು ತಾನಾಗಿ ಬಂತು. ಕಾಲು ಒತ್ತುತ್ತಿದೆ, ಒತ್ತುತ್ತಿದೆ, ಪೆಡಲ್ ಹೋಗುತ್ತಿಲ್ಲ. ಅಡಿಯಲ್ಲಿ ಏನೋ. ಬಗ್ಗಿ ನೋಡಲು ಹೊತ್ತಿಲ್ಲ.

ಅಂಬವ್ವ ನಲ್ಲಿಯ ಹತ್ತಿರ ನಿಂತೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗನ ಹತ್ತಿರ ಹೋಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಬೈಯಲಿಲ್ಲ. ಮರಳಿ ಬಂದು ಕಲ್ಲನ್ನು ಶಾಂಭವಿಯ ಮುಂದೆ ಹಿಡಿದಳು.

"ಒಯ್ಯವಾ. ನಿನ್ನ ಗಂಡನ ಕಾಲಿನ ಬುಡಕ ಬಿದ್ದಿದ್ದನ್ನ ನನ್ನ ಮೊಮ್ಮಗಳ ತೊಟ್ಟಿಲಕ್ಕ ನಾ ಹ್ಯಾಂಗ ಹಾಕಲಿ."

"ಯವ್ವಾ," ಎಂದ ವೈಭವ. ಮುದುಕಿ ತಿರುಗಿ ನೋಡಲಿಲ್ಲ.

ಲಿಫ್ಟಿನವರೆಗೆ ವೈಭವ ಹಿಂದೆ ಬಂದ. ಎಡಗೈಯಿಂದ ಲಿಫ್ಟಿನ ಬಾಗಿಲನ್ನು ತಡೆದು ಹಿಡಿದ. ಕಸಿದುಕೊಳ್ಳುತ್ತಾನೆಂದು ಅವಳು ಚೀಲವನ್ನು ಹೊಟ್ಟೆಗೆ ಅವಚಿಕೊಂಡಳು. ಅವನು ಕೇಳಿದ್ದು ಒಂದೇ, ಅಲ್ಲಿ ಏನು ಹೇಳುತ್ತೀರಿ ಎಂದು. ನೀನು ಹೇಳಿದ್ದನ್ನೆಲ್ಲ ಹೇಳುತ್ತೇನೆ, ಮಡಿಲಿಗೆ ತೆಗೆದುಕೊಂಡದ್ದನ್ನೂ, ಎಂದಳು. ನಂಬಿದ್ದೀರಾ ಎಂದು ಅವನು ಕೇಳಲಿಲ್ಲ. ಅವನ ಕೈ ಬಾಗಿಲಿನಿಂದ ತಾನಾಗಿಯೇ ಜಾರಿತು.

ಮಾದಾಪುರದ ಮೆಟ್ರೋ ನಿಲ್ದಾಣದಲ್ಲಿ ಯಂತ್ರದ ಪಟ್ಟಿ ಮತ್ತೆ ನಿಂತಿತು. ಇಲ್ಲಿಯ ಹೆಂಗಸು ಇನ್ನೂ ಹುಡುಗಿ, ಹಣೆಯಲ್ಲಿ ವಿಭೂತಿಯ ಗೆರೆ. ಜಿಪ್ ಎಳೆದು, ಕುಂಕುಮ ಕಂಡು, ಇವಳೂ ಕೈ ಹಿಂದೆಗೆದಳು. ಇವಳ ಬೆರಳೂ ಕಣ್ಣಿನ ಕಡೆಗೆ ಹೊರಟಿತು. "ದೇವುಡಾ ಅಮ್ಮಾ?"

ಶಾಂಭವಿ ಚೀಲದೊಳಗೆ ಕೈಹಾಕಿ ಕುಲಾವಿಯನ್ನು ತೆಗೆದಳು. ತೆಗೆದದ್ದನ್ನು ಬಲಮೈ ಹೊರಗೆ ಬರುವ ಹಾಗೆ ತಿರುವಿ, ಮಡಿಸಿ, ತನ್ನ ಮುಷ್ಟಿಯಲ್ಲಿಟ್ಟುಕೊಂಡಳು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಡೆದ ಬದಿ ಬೆಳ್ಳಗೆ ಕಂಡಿತು.

"ರಾಯಿ," ಎಂದಳು, ತೆಲುಗಿನಲ್ಲೇ. "ಬರೀ ಕಲ್ಲು."

ಹುಡುಗಿ ಅವಳ ಮುಖ ನೋಡಿದಳು, ಕಲ್ಲನ್ನು ನೋಡಿದಳು. ಚೀಲ ಬದಿಗೆ ಸರಿಸಿ, ಮೇಲಿನವರನ್ನು ಕರೆಯಲು ವಾಕಿಟಾಕಿ ಎತ್ತಿಕೊಂಡಳು. ಎಲ್ಲಿಂದ ತಂದಿರಿ, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳತೊಡಗಿದಳು. ಹಿಂದಿನವರು ಗೊಣಗಿದರು. ಶಾಂಭವಿ ಬದಿಗೆ ಸರಿದು ನಿಂತು, ಬೇಗಂಪೇಟೆಗೆ, ತನಿಖೆಯವರ ಹತ್ತಿರ, ಎಂದಳು, ಮತ್ತು ಮೊದಲಿನಿಂದ ಹೇಳಲು ಶುರುಮಾಡಿದಳು.